ಪದಕ್ಕೆ ಆರು ಸೆಂಟು

ಆಟಕ್ಕೆ ಕಥೆ ಬರೆಯುತ್ತೇನೆ ಎಂದರೆ ಹೆಚ್ಚಿನವರು ಮೊಬೈಲ್ ಗೇಮ್ ಅಂದುಕೊಳ್ಳುತ್ತಾರೆ. ನಮ್ಮಮ್ಮ ಇವತ್ತಿಗೂ ನೆಂಟರ ಹತ್ತಿರ "ಅವಳದ್ದು ಕಂಪ್ಯೂಟರ್ ಕೆಲಸ" ಎಂದೇ ಹೇಳುವುದು. ನಾನೂ ತಿದ್ದಲು ಹೋಗುವುದಿಲ್ಲ. ತಿದ್ದಿದರೆ ಮುಂದಿನ ಪ್ರಶ್ನೆ ಬರುತ್ತದೆ: "ಹಾಗಾದ್ರೆ ಅದು ಪುಸ್ತಕಾನೋ, ಆಟಾನೋ?" ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಕಾಫಿ ಆರಿರುತ್ತದೆ.

ಎರಡೂ ಹೌದು. ಮೇಜಿನ ಸುತ್ತ ನಾಲ್ಕೈದು ಜನ ಕೂತು, ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಬಾಯಲ್ಲೇ ಆಡುವ ಆಟ ಇದು. ಒಬ್ಬರು ಗೇಮ್ ಮಾಸ್ಟರ್. ಊರು ಹೇಗಿದೆ, ಬಾಗಿಲ ಹಿಂದೆ ಏನಿದೆ, ಎದುರಿಗೆ ಸಿಕ್ಕ ಮುದುಕಿ ಏನಂದಳು ಅನ್ನುವುದನ್ನೆಲ್ಲ ಹೇಳುವವರು ಅವರು. ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಉರುಳುತ್ತದೆ. 1974ರಲ್ಲಿ ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರಬಂತು. ಈ ಜಾತಿಯ ಆಟಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ತಾಳಮದ್ದಲೆ ನೋಡಿ ಬೆಳೆದವರಿಗೆ ವಿವರಿಸುವುದು ಸುಲಭ. ಪ್ರಸಂಗಕರ್ತ ಪದ್ಯ ಬರೆದಿಟ್ಟಿರುತ್ತಾನೆ. ಮಾತು ಅರ್ಥಧಾರಿಗಳದ್ದು, ಅಲ್ಲೇ ಆ ಹೊತ್ತಿಗೇ ಹುಟ್ಟುವಂಥದ್ದು. ಕರ್ಣ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಸಾಯುವ ಮೊದಲು ಏನೇನು ವಾದಿಸುತ್ತಾನೆ ಅನ್ನುವುದು ಯಾರಿಗೂ ಗೊತ್ತಿಲ್ಲ. ನನ್ನ ಕೆಲಸ ಪ್ರಸಂಗಕರ್ತನದ್ದು. ವ್ಯತ್ಯಾಸ ಒಂದೇ, ಇಲ್ಲಿ ಕರ್ಣ ಬದುಕಿದರೂ ಬದುಕಬಹುದು. ಆ ದಾರಿಯನ್ನೂ ನಾನು ತೆರೆದಿಟ್ಟಿರಬೇಕು.

ಇದಕ್ಕೆ ಸಂಬಳ ಇಲ್ಲ. ಪದದ ಲೆಕ್ಕದಲ್ಲಿ ದುಡ್ಡು. ಸಣ್ಣ ಪ್ರಕಾಶಕರು ಪದಕ್ಕೆ ಮೂರ್ನಾಲ್ಕು ಸೆಂಟು (ನೂರು ಸೆಂಟಿಗೆ ಒಂದು ಡಾಲರ್) ಕೊಡುತ್ತಾರೆ, ಸ್ವಲ್ಪ ಗಟ್ಟಿಯಾದವರು ಹತ್ತರ ಹತ್ತಿರ ಹೋಗುತ್ತಾರೆ. ಅಮೆರಿಕದ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಬರಹಗಾರರ ಸಂಘ ಸಣ್ಣಕಥೆಗೆ ವೃತ್ತಿಪರ ದರ ಎಂದು ಒಪ್ಪುವುದು 2019ರಿಂದ ಪದಕ್ಕೆ ಎಂಟು ಸೆಂಟು. ಆ ಸಂಘ ಆಟಕ್ಕೆ ಬರೆಯುವವರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಶುರು ಮಾಡಿದ್ದೇ 2018ರಲ್ಲಿ. ಅಂದರೆ ನಾವೂ ಬರಹಗಾರರೇ ಅಂತ ಅವರು ಒಪ್ಪಿಕೊಳ್ಳಲು ನಲವತ್ತಕ್ಕೂ ಜಾಸ್ತಿ ವರ್ಷ ಹಿಡಿಯಿತು.

ನಾನು ಈ ಲೋಕಕ್ಕೆ ಬಂದದ್ದು ಬೆಂಗಳೂರಿನ ಒಂದು ಬೋರ್ಡ್ ಗೇಮ್ ಕೆಫೆಯ ಮೂಲಕ. ತಮ್ಮನ ಆಫೀಸಿನ ಗೆಳೆಯರು ಶನಿವಾರ ಸಂಜೆ ಆಡುತ್ತಿದ್ದರು. ಒಬ್ಬರು ಕಡಿಮೆ ಇದ್ದಾರೆ ಬಾ ಅಕ್ಕ ಅಂತ ಕರೆದ. ಆಗ ನಾನು ಜಾಹೀರಾತು ಏಜೆನ್ಸಿಯಲ್ಲಿ ಬ್ರೋಷರ್ ಬರೆಯುತ್ತಿದ್ದೆ, ರಾತ್ರಿ ಸಣ್ಣಕಥೆ. ಕೆಲವು ತಿಂಗಳಲ್ಲಿ ನಾನೇ ಗೇಮ್ ಮಾಸ್ಟರ್ ಆದೆ. ಆಮೇಲೆ ನಮ್ಮ ಗುಂಪಿಗೆ ಅಂತ ಬರೆದದ್ದನ್ನು ಮಾರಲು ಇಟ್ಟೆ. 2016ರಲ್ಲಿ ಶುರುವಾದ ಡಿಎಂಸ್ ಗಿಲ್ಡ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಯಾರು ಬೇಕಾದರೂ ಡಂಜನ್ಸ್ ಅಂಡ್ ಡ್ರಾಗನ್ಸ್‌ಗೆ ತಾವೇ ಬರೆದ ಸಾಹಸಗಳನ್ನು, ಅಂದರೆ ಆಡಲು ಸಿದ್ಧವಾದ ಕಥೆಗಳನ್ನು, ಪಿಡಿಎಫ್ ಮಾಡಿ ಮಾರಬಹುದು. ಮಾರಿದ ದುಡ್ಡಿನಲ್ಲಿ ಅರ್ಧ ಬರೆದವರಿಗೆ. ಅರ್ಧ ಅಂದರೆ ಖುಷಿಯೇ, ಆದರೆ ಎಂಥದರ ಅರ್ಧ? ಎರಡು ಡಾಲರ್‌ನ ಪಿಡಿಎಫ್, ತಿಂಗಳಿಗೆ ಬೆರಳೆಣಿಕೆಯ ಮಾರಾಟ. ಆದರೂ ಅದರಿಂದ ಇನ್ನೊಂದು ಲಾಭ ಇದೆ. ಮುಂದೆ ಯಾರಾದರೂ "ಏನು ಬರೆದಿದ್ದೀರಿ?" ಅಂತ ಕೇಳಿದರೆ ತೋರಿಸಲು ಏನೋ ಒಂದು ಇರುತ್ತದೆ. ಈ ಧಂಧೆಯಲ್ಲಿ ಡಿಗ್ರಿ ಯಾರೂ ಕೇಳುವುದಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಹೆಸರು ಬಂದಿದೆಯಾ, ಕೊಟ್ಟ ದಿನಕ್ಕೆ ಕೆಲಸ ಮುಗಿಸುತ್ತೀರಾ, ಇಷ್ಟೇ.

ಒಂದು ದಿನ ಒಬ್ಬ ಪ್ರಕಾಶಕರ ಬಹಿರಂಗ ಕರೆ ಕಣ್ಣಿಗೆ ಬಿತ್ತು. 1920-30ರ ದಶಕದ ಭಯಾನಕ ರಹಸ್ಯದ ಆಟ. 1981ರಲ್ಲಿ ಬಂದ ಕಾಲ್ ಆಫ್ ಕ್ಥುಲು ಈ ಬಗೆಯಲ್ಲಿ ತುಂಬ ಹೆಸರಾದದ್ದು, ಇವರದ್ದು ಅದೇ ದಾರಿಯ ಸಣ್ಣ ಆಟ. ಯುರೋಪ್, ಅಮೆರಿಕ ಬಿಟ್ಟು ಬೇರೆ ದೇಶಗಳಲ್ಲಿ ನಡೆಯುವ ಸಾಹಸಗಳ ಸಂಕಲನ ತರುತ್ತೇವೆ, ಒಂದು ಪ್ಯಾರಾದಲ್ಲಿ ಕಥೆ ಹೇಳಿ, ಜೊತೆಗೆ ಐನೂರು ಪದಗಳ ಮಾದರಿ ಕಳಿಸಿ ಎಂದಿದ್ದರು. ಆ ಹೊತ್ತಿಗೆ ಇಂಥ ಸಂಕಲನಗಳಿಗೆ ಗಾಳಿ ಬೀಸಿತ್ತು. 2022ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಾಶಕರೇ ಹೀಗೆ ಹದಿಮೂರು ಸಾಹಸಗಳ ಸಂಕಲನ ತಂದಿದ್ದರು. ಅದರಲ್ಲಿ ಕೋಲ್ಕತ್ತ ಮೂಲದ ಮಿಮಿ ಮಂಡಲ್ ಬಂಗಾಳದ ನದಿ ಸೀಮೆಯ ಛಾಯೆ ಇರುವ ಒಂದು ಸಾಹಸ ಬರೆದಿದ್ದರು. ಅದನ್ನು ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಧೈರ್ಯವೂ ಬಂತು.

ನಾನು ಮೂರು ಕಥೆ ಕಳಿಸಿದೆ. ಒಂದರಲ್ಲಿ ಅರಮನೆ ಇತ್ತು. ಇನ್ನೊಂದರಲ್ಲಿ ಕಾಫಿ ತೋಟದ ಬಂಗಲೆ. ಮೂರನೆಯದು ಕೋಲಾರದ ಚಿನ್ನದ ಗಣಿ. ಸಂಪಾದಕರು ಅಮೆರಿಕದವರು, ಅರಮನೆಯದನ್ನೇ ಆರಿಸುತ್ತಾರೆ ಅಂತ ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ. ಬಂದ ಉತ್ತರ ಎರಡೇ ಸಾಲು: ಗಣಿ ಬೇಕು, ಅಲ್ಲಿ ಕೆಲಸ ಮಾಡುವವರ ಕಡೆಯಿಂದ ಹೇಳಿ. ಆ ಎರಡು ಸಾಲಿಗೆ ನಾನು ಆ ಹೆಂಗಸಿಗೆ ಇವತ್ತಿಗೂ ಋಣಿ.

ಕಥೆಯ ಬೇರು 1930. ಆ ವರ್ಷ ಕೆಜಿಎಫ್‌ನ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದ್ದರು. ಕಾರಣ ಬೆರಳಚ್ಚು. ಪ್ರತಿ ಕೆಲಸಗಾರನ ಬೆರಳಚ್ಚು ತೆಗೆದು ನೋಂದಣಿ ಮಾಡುವ ಕ್ರಮ ಬಂದಾಗ ಅವರು ಗಣಿಗೆ ಇಳಿಯುವುದನ್ನೇ ನಿಲ್ಲಿಸಿದರು. ಇದು ನಿಜವಾಗಿ ನಡೆದದ್ದು. ನಾನು ಸೇರಿಸಿದ್ದು ಒಂದೇ ಒಂದು ಸುಳ್ಳು: ರಿಜಿಸ್ಟರ್ ತುಂಬುತ್ತಿದ್ದ ಗುಮಾಸ್ತನಿಗೆ ಎರಡು ಬೇರೆ ಹೆಸರುಗಳ ಮುಂದೆ ಒಂದೇ ಹೆಬ್ಬೆಟ್ಟಿನ ಗುರುತು ಸಿಗುತ್ತದೆ. ಅದರಲ್ಲಿ ಒಬ್ಬ ಹಿಂದಿನ ವರ್ಷ ಗಣಿಯೊಳಗೆ ಸತ್ತವನು.

ಆಮೇಲೆ ಒಪ್ಪಂದ ಬಂತು. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹೊಸಬರು ಖುಷಿಯಲ್ಲಿ ಓದದೇ ಸಹಿ ಹಾಕುವುದು ಇಲ್ಲೇ.

ಎಂಟು ಸಾವಿರ ಪದ, ಪದಕ್ಕೆ ಆರು ಸೆಂಟು, ಒಟ್ಟು 480 ಡಾಲರ್. ನಮ್ಮ ದುಡ್ಡಿನಲ್ಲಿ ಆಗ ಸುಮಾರು ನಲವತ್ತು ಸಾವಿರ. ಬರೆದದ್ದರ ಹಕ್ಕು ಪೂರ್ತಿ ಪ್ರಕಾಶಕರದ್ದು. ಕಾಪಿರೈಟ್ ನನ್ನ ಹೆಸರಿನಲ್ಲಿ ಒಂದು ಕ್ಷಣವೂ ಇರುವುದಿಲ್ಲ, ಮೊದಲಿನಿಂದಲೇ ಅವರದ್ದು. ನಾಳೆ ಅದು ಸಿನಿಮಾ ಆದರೂ ನನಗೆ ಕಾಸು ಬರುವುದಿಲ್ಲ. ಈ ಲೋಕದಲ್ಲಿ ಇದೇ ಮಾಮೂಲಿ ಪದ್ಧತಿ, ಇದಕ್ಕೆ ಜಗಳ ಆಡಿ ಪ್ರಯೋಜನ ಇಲ್ಲ. ಜಗಳ ಆಡಬೇಕಾದದ್ದು ಬೇರೆ ಸಾಲುಗಳಿಗೆ. ದುಡ್ಡು ಯಾವಾಗ? ನನ್ನ ಒಪ್ಪಂದದಲ್ಲಿ ಪುಸ್ತಕ ಹೊರಬಂದ ಅರವತ್ತು ದಿನಕ್ಕೆ ಎಂದಿತ್ತು. ಪುಸ್ತಕ ಹೊರಬರದೇ ಇದ್ದರೆ? ಚಿತ್ರಕಾರರು ತಡಮಾಡಿದರೆ? ಪುಸ್ತಕ ಹೊತ್ತ ಹಡಗು ಬಂದರಿನಲ್ಲೇ ನಿಂತರೆ? ಹಸ್ತಪ್ರತಿ ಒಪ್ಪಿದ ಮೇಲೆ ಅರ್ಧ, ಪ್ರಕಟವಾದ ಮೇಲೆ ಅರ್ಧ ಕೊಡಿ ಅಂತ ಕೇಳಿದೆ. ಒಪ್ಪಿದರು. ಕೆಲಸ ಅರ್ಧದಲ್ಲೇ ರದ್ದಾದರೆ ಕಾಲು ಭಾಗ ಕೊಡಬೇಕು ಅಂತಲೂ ಸೇರಿಸಿಕೊಂಡೆ. ಕೇಳಿದರೆ ಕೆಲಸ ಕೈತಪ್ಪುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ನನ್ನ ಅನುಭವದಲ್ಲಿ ಮರ್ಯಾದೆಯಿಂದ ಕೇಳಿದ್ದಕ್ಕೆ ಯಾರೂ ಕೆಲಸ ಕಿತ್ತುಕೊಂಡಿಲ್ಲ.

ಪುಸ್ತಕ ಘೋಷಣೆ ಆಗುವವರೆಗೂ ಬಾಯಿ ಬಿಡಬಾರದು ಎಂಬ ಇನ್ನೊಂದು ಸಾಲೂ ಇರುತ್ತದೆ. ಹಾಗಾಗಿ ತಿಂಗಳುಗಟ್ಟಲೆ "ಈಗ ಏನು ಬರೀತಿದ್ದೀಯ?" ಅಂತ ಕೇಳಿದವರಿಗೆಲ್ಲ "ಸುಮ್ನೆ ಏನೋ" ಅನ್ನಬೇಕು.

ಬರೆಯುವ ಮೊದಲು ಊರು ನೋಡಬೇಕಿತ್ತು. ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹತ್ತಿದರೆ ಬಂಗಾರಪೇಟೆಯ ಹತ್ತಿರ ಕವಲೊಡೆದು ಕೆಜಿಎಫ್ ಕಡೆಗೆ ಹೋಗುತ್ತದೆ. ಆಗಿನ ಕಾಲದಲ್ಲಿ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂದು ಹೆಸರು. ನನ್ನ ಆಟದ ಪಾತ್ರಗಳೂ ಅಲ್ಲೇ ರೈಲು ಬದಲಿಸುತ್ತವೆ. ಸೈನೈಡ್ ದಿಬ್ಬಗಳು ದೂರದಿಂದಲೇ ಕಾಣುತ್ತವೆ. ಚಿನ್ನ ಬೇರ್ಪಡಿಸಿ ಉಳಿದ ಪುಡಿ ದಶಕಗಟ್ಟಲೆ ಗುಡ್ಡೆ ಬಿದ್ದು ನಿಂತದ್ದು. ಗಣಿ 2001ರಲ್ಲಿ ಮುಚ್ಚಿತು. ಅಷ್ಟು ಹೊತ್ತಿಗೆ ಅಲ್ಲಿನ ಚಾಂಪಿಯನ್ ರೀಫ್ ಎಂಬ ಗಣಿ ಮೂರು ಕಿಲೋಮೀಟರ್‌ಗೂ ಆಳ ಹೋಗಿತ್ತು. ನನ್ನ ಕಥೆಯ ಕಾಲಕ್ಕೇ ಒಂದೂವರೆ ಕಿಲೋಮೀಟರ್‌ಗೂ ಕೆಳಗಿತ್ತು. ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳಿಗಿಂತ ಮೊದಲು. 1965ರಲ್ಲಿ ಇದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳೂ ಇದ್ದ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚಿತು. ಇದು ನನ್ನ ಕಥೆಗೆ ಬೇಡವೇ ಬೇಡ, ಆದರೂ ಸಂಪಾದಕರಿಗೆ ಬರೆದು ಕಳಿಸಿದೆ. ಭೂಮಿಯ ಹೊಟ್ಟೆಯೊಳಗೆ ಕೂತು ಆಕಾಶದಿಂದ ಬರುವ ಕಣ ಹಿಡಿಯುವುದು ಅಂದರೆ ಭಯಾನಕ ಕಥೆ ಬರೆಯುವವರಿಗೆ ಎಷ್ಟು ಆಸೆ ಹುಟ್ಟಿಸುತ್ತದೆ ಅಲ್ವಾ?

ಊರಿನಲ್ಲಿ ಒಬ್ಬ ನಿವೃತ್ತ ಗಣಿ ಕಾರ್ಮಿಕರು ಮಾತಿಗೆ ಸಿಕ್ಕರು. ಅವರದ್ದು ತಮಿಳು, ನನ್ನದು ಹರಕು ತಮಿಳು, ನಡುವೆ ಕನ್ನಡ. ರಾಕ್ ಬರ್ಸ್ಟ್ ಬಗ್ಗೆ ಕೇಳಿದೆ. ಆಳದ ಬಂಡೆ ಮೇಲಿನ ಭಾರ ತಾಳಲಾರದೆ ಒಮ್ಮೆಲೇ ಸಿಡಿಯುವುದು ಅದು. "ಮನೇಲಿ ಪಾತ್ರೆ ಅಲ್ಲಾಡುತ್ತಮ್ಮ" ಎಂದರು. "ಪಾತ್ರೆ ಸದ್ದು ಕೇಳಿದ್ರೆ ಹೆಂಗಸರು ಒಲೆ ಮೇಲಿದ್ದದ್ದು ಒಲೆ ಮೇಲೇ ಬಿಟ್ಟು ಗಣಿ ಬಾಯಿಗೆ, ಶಾಫ್ಟ್ ಕಡೆ ಓಡೋರು. ನಮ್ಮಮ್ಮ ಹಂಗೆ ಓಡಿದ್ದು ನಾನು ನೋಡಿದೀನಿ." ಅಷ್ಟು ಹೇಳಿ ಬೀಡಿ ಹಚ್ಚಿದರು. ನನ್ನ ಎಂಟು ಸಾವಿರ ಪದಗಳಲ್ಲಿ ಅತ್ಯಂತ ಗಟ್ಟಿ ಜಾಗ ಯಾವುದು ಅನ್ನುವುದು ನನಗೆ ಅಲ್ಲೇ ಗೊತ್ತಾಯಿತು.

ಈಗ ಬರವಣಿಗೆ. ಗೇಮ್ ಮಾಸ್ಟರ್ ಆಟಗಾರರಿಗೆ ಗಟ್ಟಿಯಾಗಿ ಓದಲು ಅಂತ ಚೌಕದೊಳಗೆ ಒಂದಿಷ್ಟು ಸಾಲು ಬರೆಯುತ್ತೇವೆ. ಕಥೆಗಾರರು ಎಡವುವುದು ಇಲ್ಲೇ. ನಮಗೆ ವರ್ಣನೆ ಮಾಡುವ ಚಟ. ಮೇಜಿನ ಸುತ್ತ ಕೂತವರಿಗೆ ಮೂರನೇ ಸಾಲಿಗೆ ಗಮನ ಚಿಪ್ಸ್ ಪ್ಯಾಕೆಟ್ ಕಡೆಗೆ ಹೋಗಿರುತ್ತದೆ. ಜೊತೆಗೆ ಒಂದು ಕಟ್ಟುನಿಟ್ಟಿನ ನಿಯಮ: ಆಟಗಾರರ ಪಾತ್ರ ಏನು ಮಾಡಿತು, ಅದಕ್ಕೆ ಏನನ್ನಿಸಿತು ಅಂತ ಬರೆಯುವ ಹಾಗಿಲ್ಲ. ಅದು ಅವರ ಹಕ್ಕು. ಮೊದಲ ಕರಡಿನಲ್ಲಿ ನಾನು ಆ ಪಾತ್ರೆ ಅಲ್ಲಾಡುವ ದೃಶ್ಯವನ್ನು ನೂರೈವತ್ತು ಪದಗಳಲ್ಲಿ ಬರೆದಿದ್ದೆ. ಕತ್ತಲೆ, ಹೊಗೆ, ಕಿರಿದಾದ ಓಣಿ, ನಿಮ್ಮ ಎದೆ ಝಲ್ಲೆನ್ನುತ್ತದೆ, ಎಲ್ಲ ಇತ್ತು. ಕೊನೆಗೆ ಉಳಿದದ್ದು ಹೀಗೆ. ಬರೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ:

"ಹಲಗೆಯ ಮೇಲಿನ ಪಾತ್ರೆಗಳು ಸದ್ದು ಮಾಡುತ್ತವೆ. ಮೊದಲು ಈ ಮನೆಯಲ್ಲಿ, ಆಮೇಲೆ ಇಡೀ ಸಾಲಿನಲ್ಲಿ. ಹೆಂಗಸರು ಒಲೆ ಬಿಟ್ಟು ಹೊರಗೆ ಬರುತ್ತಾರೆ. ಯಾರೂ ಮಾತಾಡುವುದಿಲ್ಲ. ಮುಷ್ಕರ ನಡೆಯುತ್ತಿದೆ. ಗಣಿಯೊಳಗೆ ಯಾರೂ ಇಲ್ಲ."

ಎದೆ ಝಲ್ಲೆನ್ನುವ ಕೆಲಸ ಆಟಗಾರರೇ ಮಾಡಿಕೊಳ್ಳುತ್ತಾರೆ. ಗಣಿಯೊಳಗೆ ಯಾರೂ ಇಲ್ಲದಿದ್ದರೆ ಬಂಡೆ ಒಡೆದವರು ಯಾರು ಅಂತ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಬಂಡೆ ತಾನಾಗಿಯೇ ಸಿಡಿಯಬಹುದು, ಅದಕ್ಕೆ ಒಳಗೆ ಯಾರೂ ಇರಬೇಕಾಗಿಲ್ಲ. ಆದರೆ ಅದನ್ನು ಗೇಮ್ ಮಾಸ್ಟರ್ ಹೇಳುವುದಿಲ್ಲ.

ಇದರಲ್ಲೊಂದು ತಮಾಷೆ ಇದೆ. ದುಡ್ಡು ಪದದ ಲೆಕ್ಕ, ಕಸುಬು ಪದ ಕಡಿಮೆ ಮಾಡುವುದು. ನೂರೈವತ್ತು ಪದಕ್ಕೆ ಒಂಬತ್ತು ಡಾಲರ್, ಅದನ್ನೇ ಇಪ್ಪತ್ತೈದು ಮೂವತ್ತಕ್ಕೆ ಇಳಿಸಲು ಒಂದು ಮಧ್ಯಾಹ್ನ. ಉಳಿಸಿದ ಜಾಗಕ್ಕೆ ಇನ್ನೇನಾದರೂ ತುಂಬಬೇಕು, ಯಾಕೆಂದರೆ ಎಂಟು ಸಾವಿರ ಅಂದರೆ ಎಂಟು ಸಾವಿರ. ಅದಕ್ಕಿಂತ ತುಂಬ ಕಮ್ಮಿಯಾದರೆ ಪುಟ ಖಾಲಿ, ಜಾಸ್ತಿಯಾದರೆ ಮುದ್ರಣದ ಖರ್ಚು. ಆ ಜಾಗದಲ್ಲಿ ಬರುವುದು ಗೇಮ್ ಮಾಸ್ಟರ್‌ಗೆ ಬೇಕಾದ ಸರಕು. ಗುಮಾಸ್ತ ಯಾಕೆ ಸುಳ್ಳು ಹೇಳುತ್ತಾನೆ, ಎಷ್ಟು ಒತ್ತಿದರೆ ನಿಜ ಬಾಯಿಬಿಡುತ್ತಾನೆ. ಆಸ್ಪತ್ರೆಯ ದಾಖಲೆ ಯಾವ ಬೀರುವಿನಲ್ಲಿದೆ, ಕೀಲಿ ಯಾರ ಹತ್ತಿರ. ರಾತ್ರಿ ಪಾಳಿಯ ಕಾವಲುಗಾರನಿಗೆ ಯಾವುದಕ್ಕೆ ಭಯ. ಇದನ್ನು ಕಥೆಯಂತೆ ಯಾರೂ ಓದುವುದಿಲ್ಲ. ಆಟದ ಮಧ್ಯೆ ಬೆರಳಿಟ್ಟು ಹುಡುಕುತ್ತಾರೆ. ಹಾಗಾಗಿ ಪ್ಯಾರಾದ ಮೊದಲ ಸಾಲಿನಲ್ಲೇ ಮುಖ್ಯ ವಿಷಯ ಇರಬೇಕು. ಸಣ್ಣಕಥೆಯಲ್ಲಿ ನಾವು ಗುಟ್ಟನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ, ಇಲ್ಲಿ ಎರಡನೇ ಪುಟದಲ್ಲೇ ಎಲ್ಲ ಗುಟ್ಟು ರಟ್ಟು. ಗೇಮ್ ಮಾಸ್ಟರ್‌ಗೆ ಪೂರ್ತಿ ಗೊತ್ತಿರಲೇಬೇಕು.

ಜಸ್ಟಿನ್ ಅಲೆಕ್ಸಾಂಡರ್ ಎಂಬ ಅಮೆರಿಕದ ಆಟ ವಿನ್ಯಾಸಕ ಹೇಳಿಕೊಟ್ಟ ಒಂದು ಸೂತ್ರ ಈಗ ಎಲ್ಲರ ಬಾಯಲ್ಲೂ ಇದೆ. ಆಟಗಾರರು ಒಂದು ತೀರ್ಮಾನಕ್ಕೆ ಬರಬೇಕಾದರೆ ಅದಕ್ಕೆ ಕನಿಷ್ಠ ಮೂರು ಸುಳಿವು ಇಡಬೇಕು. ಒಂದನ್ನು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದರಲ್ಲಿ ದಾರಿ ಸಿಗುತ್ತದೆ. ನಾನೂ ಮೂರು ಇಟ್ಟೆ: ರಿಜಿಸ್ಟರ್, ಗಣಿ ಆಸ್ಪತ್ರೆಯ ದಾಖಲೆ, ಸತ್ತವನ ಹೆಂಡತಿಯ ಮಾತು.

ಪ್ಲೇಟೆಸ್ಟ್, ಅಂದರೆ ಅಚ್ಚಿಗೆ ಹೋಗುವ ಮೊದಲು ಆಡಿ ನೋಡುವುದು, ನಮ್ಮ ಮನೆಯಲ್ಲೇ ನಡೆಯಿತು. ತಮ್ಮ, ಅವನ ಆಫೀಸಿನ ಇಬ್ಬರು, ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳತಿ. ಬೇಕಂತಲೇ ನಾನು ಗೇಮ್ ಮಾಸ್ಟರ್ ಆಗಲಿಲ್ಲ. ಬರೆದವರೇ ಆಡಿಸಿದರೆ ಕಾಗದದಲ್ಲಿ ಇಲ್ಲದ್ದನ್ನು ತಲೆಯಿಂದ ತುಂಬಿಬಿಡುತ್ತಾರೆ. ಇನ್ನೊಬ್ಬ ಗೆಳೆಯನ ಕೈಗೆ ಕರಡು ಕೊಟ್ಟು ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಮೇಜಿನ ಮಧ್ಯೆ ಎಕ್ಸ್-ಕಾರ್ಡ್. ಯಾರಿಗಾದರೂ ಯಾವುದಾದರೂ ದೃಶ್ಯ ಸಹಿಸಲು ಆಗದಿದ್ದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಹೇಳಬೇಕಿಲ್ಲ, ಕಥೆ ಬೇರೆ ಕಡೆ ಹೊರಳುತ್ತದೆ. ಇವತ್ತು ಭಯದ ಆಟ ಆಡುವ ಗುಂಪುಗಳಲ್ಲಿ ಇದು ಸಾಮಾನ್ಯ.

ಪಾತ್ರ ಹಂಚಿದ್ದಾಯಿತು. ಗೆಳತಿ ಆಸ್ಪತ್ರೆಯ ನರ್ಸ್. ತಮ್ಮ ಕೇಜ್, ಅಂದರೆ ಕಾರ್ಮಿಕರನ್ನು ಗಣಿಗೆ ಒಯ್ಯುವ ಪಂಜರ, ಇಳಿಸುವ ಎಂಜಿನ್ ಡ್ರೈವರ್. ಉಳಿದಿಬ್ಬರಲ್ಲಿ ಒಬ್ಬ ಸರ್ಕಾರಿ ಗುಮಾಸ್ತನ ಸಹಾಯಕ, ಇನ್ನೊಬ್ಬ ಸತ್ತವನ ತಮ್ಮ. ಆಟ ಶುರುವಾಗಿ ಅರ್ಧ ಗಂಟೆ ಆಗಿಲ್ಲ, ಗೆಳತಿ ತಲೆ ಎತ್ತಿದಳು.

"ಈ ರಿಜಿಸ್ಟರ್ ಬೇಡ ಅಂತ ತಾನೇ ಇವರೆಲ್ಲ ಮುಷ್ಕರ ಮಾಡ್ತಿರೋದು?"

"ಹೌದು" ಎಂದ ಗೇಮ್ ಮಾಸ್ಟರ್.

"ಅದು ಈಗ ಆ ಗುಮಾಸ್ತನ ಕೊಠಡಿಯಲ್ಲಿದೆ."

"ಇದೆ."

"ಸೀಮೆಎಣ್ಣೆ ಲಾಟೀನೂ ಇದೆ ಅಂದ್ಯಲ್ಲ?"

ತಮ್ಮ ಕುರ್ಚಿಯಿಂದ ಎದ್ದೇ ನಿಂತ. "ಸುಟ್ಟಾಕೋಣ ಕಣೋ!" ದಾಳ ಉರುಳಿತು. ಗೆದ್ದರು. ನನ್ನ ಕಥೆಯ ಮೂಲ ಸುಳಿವು, ಆ ಎರಡು ಹೆಬ್ಬೆಟ್ಟು, ಸುಟ್ಟು ಬೂದಿ. ನನ್ನ ಗೆಳೆಯ ಗಾಬರಿಯಿಂದ ನನ್ನ ಮುಖ ನೋಡಿದ. ನಾನು ನೋಟ್‌ಬುಕ್ ನೋಡಿದೆ. ಅವರೇನೂ ಹುಡುಗಾಟ ಮಾಡಿದ್ದಲ್ಲ. ನಾನು ಕಾರ್ಮಿಕರ ಕಡೆಯಿಂದ ಬರೆದಿದ್ದೆ, ಅವರು ಕಾರ್ಮಿಕರ ಕಡೆಯಿಂದ ಆಡಿದರು. ಉಳಿದ ಎರಡು ಸುಳಿವಿನಿಂದ ತೆವಳುತ್ತ ಹೇಗೋ ಶಾಫ್ಟ್‌ನವರೆಗೆ ಬಂದರು, ಹನ್ನೊಂದು ಗಂಟೆಗೆ ಅಮ್ಮ ಬಂದು "ಊಟ ಆರಿ ಹೋಯ್ತು, ಏಳ್ರೋ" ಎನ್ನುವ ಹೊತ್ತಿಗೆ.

ವರದಿಯಲ್ಲಿ ಇದನ್ನೆಲ್ಲ ಹಾಗೇ ಬರೆದೆ. ಸಂಪಾದಕರು ಬೇಜಾರಾಗುತ್ತಾರೆ ಅಂದುಕೊಂಡರೆ ಅವರು ಕುಣಿದಾಡಿದರು. "ರಿಜಿಸ್ಟರ್ ಸುಟ್ಟರೆ" ಅಂತ ಒಂದು ಭಾಗವನ್ನೇ ಸೇರಿಸಿ ಎಂದರು. ನಾನು ಸೇರಿಸಿದೆ: ಮರುದಿನ ಬೆಳಿಗ್ಗೆ ಕಾರ್ಮಿಕರ ಮನೆಗಳ ಸುಣ್ಣದ ಗೋಡೆಗಳ ಮೇಲೆ ಆ ಸತ್ತವನ ಹೆಬ್ಬೆಟ್ಟು ಕಾಣಿಸಿಕೊಳ್ಳುತ್ತದೆ. ಸುಟ್ಟವರ ಮನೆಯ ಗೋಡೆಯಿಂದಲೇ ಶುರು. ನಾಲ್ಕು ಜನ ನನ್ನ ಕಥೆ ಹಾಳು ಮಾಡಲು ಹೋಗದಿದ್ದರೆ ಆ ಗೋಡೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಹೊಸ ಭಾಗಕ್ಕೆ ಜಾಗ ಬೇಕಲ್ಲ, ಹಳೆಯದು ಕತ್ತರಿಸಬೇಕು. ರೈಲು ಪ್ರಯಾಣದ ವರ್ಣನೆ ಹೋಯಿತು. ಕ್ಲಬ್‌ನಲ್ಲಿ ಬ್ರಿಟಿಷ್ ಅಧಿಕಾರಿಯ ಜೊತೆ ಊಟ ಹೋಯಿತು, ಅದಕ್ಕೆ ನನಗೆ ಏನೂ ಬೇಸರ ಇಲ್ಲ. ಆಟಗಾರರಿಗೆ ಕೈಗೆ ಕೊಡುವ ರಿಜಿಸ್ಟರ್ ಹಾಳೆಗೆ ಬೇರೆಯೇ ಬರವಣಿಗೆ. ಚಿತ್ರಕಾರರಿಗೆ ವಿವರ ಬರೆದು ಕೊಡುವುದೂ ನನ್ನ ಕೆಲಸವೇ. ಅದಕ್ಕೆ ಪದದ ಲೆಕ್ಕ ಇಲ್ಲ, ಬಿಟ್ಟಿ. ಯುರೋಪಿನಲ್ಲಿ ಕೂತ ಚಿತ್ರಕಾರರಿಗೆ ಸೀರೆ ಹೇಗೆ ಉಟ್ಟಿರುತ್ತಾರೆ, ಮನೆಯ ಸೂರು ಎಷ್ಟು ತಗ್ಗು, ಕೇಜ್ ಅಂದರೆ ಈಗಿನ ಲಿಫ್ಟ್ ತರಹ ಅಲ್ಲ, ಇದನ್ನೆಲ್ಲ ಫೋಟೊ ಸಮೇತ ಹೇಳಬೇಕು. ಮೊದಲ ರೇಖಾಚಿತ್ರದಲ್ಲಿ ಒಬ್ಬ ಕಾರ್ಮಿಕನಿಗೆ ಪೇಟ ಸುತ್ತಿ, ಪಕ್ಕದಲ್ಲಿ ಆನೆ ನಿಲ್ಲಿಸಿದ್ದರು. ಆನೆಯನ್ನು ಗಣಿಯಿಂದ ಹೊರಗೆ ಕಳಿಸಲು ಮೂರು ಇಮೇಲ್ ಬೇಕಾಯಿತು.

ಆ ನಡುವೆಯೇ 2023ರ ಜನವರಿ ಬಂತು. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ನಿಯಮಗಳನ್ನು ಬಳಸಿ ಬೇರೆಯವರೂ ಪುಸ್ತಕ ತರಬಹುದು ಎಂಬ ಮುಕ್ತ ಪರವಾನಗಿ 2000ನೇ ಇಸವಿಯಿಂದ ಇತ್ತು. ನೂರಾರು ಸಣ್ಣ ಪ್ರಕಾಶಕರ ಬದುಕು ಅದರ ಮೇಲೆ ನಿಂತಿದೆ. ಅದನ್ನು ಬದಲಿಸುವ ಕರಡೊಂದು ಸೋರಿತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ವ್ಯಾಪಾರ ಮಾಡುವವರು ಅದರ ಮೇಲಿನ ಆದಾಯದಲ್ಲಿ ಪಾಲು ಕೊಡಬೇಕು ಎಂದೆಲ್ಲ ಇತ್ತು. ನಾನು ಏಳೂವರೆ ಲಕ್ಷ ಡಾಲರ್ ಕನಸಿನಲ್ಲೂ ಕಂಡವಳಲ್ಲ. ಆದರೂ ನನಗೆ ಬರಬೇಕಿದ್ದ ಬೇರೊಂದು ಕೆಲಸ ಅಲ್ಲೇ ನಿಂತಿತು, ಕೊಡಬೇಕಿದ್ದವರೇ ಕಂಗಾಲಾಗಿದ್ದರು. ಆಟಗಾರರು ದೊಡ್ಡ ಗಲಾಟೆ ಎಬ್ಬಿಸಿದರು, ಕಂಪನಿಯ ಆನ್‌ಲೈನ್ ಸೇವೆಗೆ ಕಟ್ಟುತ್ತಿದ್ದ ಚಂದಾ ರದ್ದು ಮಾಡಿದರು. ತಿಂಗಳ ಕೊನೆಯಲ್ಲಿ, 27ನೇ ತಾರೀಖು, ಕಂಪನಿ ಹಿಂದೆ ಸರಿದು ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿತು. ನಿಂತ ಕೆಲಸ ಮಾತ್ರ ವಾಪಸ್ ಬರಲಿಲ್ಲ. ಆನೆಗಳು ಜಗಳ ಆಡಿದರೆ ತುಳಿತಕ್ಕೆ ಸಿಗುವುದು ಹುಲ್ಲು. ಫ್ರೀಲಾನ್ಸ್ ಬದುಕಿನಲ್ಲಿ ಆನೆಗಳ ಜಗಳ ಮುಗಿದ ಸುದ್ದಿ ಪೇಪರ್‌ನಲ್ಲಿ ಬರುತ್ತದೆ, ಹುಲ್ಲಿನ ಸುದ್ದಿ ಬರುವುದಿಲ್ಲ.

ಹುಲ್ಲಿಗೂ ಒಮ್ಮೊಮ್ಮೆ ಬಲ ಇರುತ್ತದೆ ಅನ್ನಿ. 2021ರ ಅಕ್ಟೋಬರ್‌ನಲ್ಲಿ ಪಾತ್‌ಫೈಂಡರ್ ಆಟ ತರುವ ಪೈಜೊ ಕಂಪನಿಯ ನೌಕರರು ಸಂಘ ಕಟ್ಟಿದಾಗ, ಅವರಿಗಾಗಿ ಬರೆಯುತ್ತಿದ್ದ ಹಲವಾರು ಫ್ರೀಲಾನ್ಸ್ ಬರಹಗಾರರು ಪೆನ್ನು ಕೆಳಗಿಟ್ಟು ಅವರ ಬೆನ್ನಿಗೆ ನಿಂತರು. ಕಂಪನಿ ಅದೇ ತಿಂಗಳು ಸಂಘವನ್ನು ಒಪ್ಪಿಕೊಂಡಿತು. ಬೇರೆ ಬೇರೆ ಊರಲ್ಲಿ ಒಬ್ಬೊಬ್ಬರೇ ಕೂತು ಬರೆಯುವವರು ಹೀಗೆ ಒಟ್ಟಾಗಿದ್ದು ನೋಡಿ ನನಗೆ ನಂಬಲಿಕ್ಕೇ ಆಗಿರಲಿಲ್ಲ.

ದುಡ್ಡಿನ ಕಥೆ ಬೇಗ ಮುಗಿಸುತ್ತೇನೆ. ಅಮೆರಿಕದ ಪ್ರಕಾಶಕರಿಗೆ ಡಬ್ಲ್ಯು-8ಬೆನ್ ಎಂಬ ತೆರಿಗೆಯ ಫಾರಂ ತುಂಬಿ ಕೊಡಬೇಕು, ನಾನು ಅಲ್ಲಿಯವಳಲ್ಲ, ಕೆಲಸ ಮಾಡುವುದು ಇಲ್ಲಿಂದ ಅಂತ. ಪೇಪಾಲ್ ತನ್ನ ಪಾಲು ಮುರಿದುಕೊಳ್ಳುತ್ತದೆ, ಡಾಲರ್ ರೂಪಾಯಿ ಆಗುವಾಗ ಇನ್ನೊಂದಿಷ್ಟು ಸವೆಯುತ್ತದೆ. ಮೊದಲರ್ಧ ಸರಿಯಾದ ಸಮಯಕ್ಕೆ ಬಂತು. ಎರಡನೇ ಅರ್ಧಕ್ಕೆ ಪುಸ್ತಕ ಹೊರಬರಬೇಕಿತ್ತು, ಪುಸ್ತಕ ತಡವಾಯಿತು, ಹೊರಬಂದ ಮೇಲೂ ನೆನಪಿನ ಓಲೆ ಬರೆಯಬೇಕಾಯಿತು. ಅಷ್ಟು ಹೊತ್ತಿಗೆ ಬದುಕು ನಡೆಸಿದ್ದು ಬ್ರೋಷರ್‌ಗಳೇ. ಇದೊಂದರಿಂದಲೇ ಮನೆ ಬಾಡಿಗೆ ಕಟ್ಟುತ್ತೇನೆ ಅನ್ನುವವರು ನನಗೆ ಗೊತ್ತಿರುವವರಲ್ಲಿ ಯಾರೂ ಇಲ್ಲ. ಒಬ್ಬರು ಅನುವಾದ ಮಾಡುತ್ತಾರೆ, ಇನ್ನೊಬ್ಬರು ಶಾಲೆಯಲ್ಲಿ ಗಣಿತ ಹೇಳುತ್ತಾರೆ.

ಪುಸ್ತಕ ಮನೆಗೆ ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ನನ್ನ ಹೆಸರು ಹುಡುಕಿದರು. ಹೆಸರು ಹೊದಿಕೆಯ ಮೇಲಿಲ್ಲ, ಒಳಗೆ ಸಣ್ಣ ಅಕ್ಷರದಲ್ಲಿ ಹತ್ತಾರು ಹೆಸರುಗಳ ಮಧ್ಯೆ. ಸಿಕ್ಕಿತು. "ಇಷ್ಟು ದಪ್ಪ ಪುಸ್ತಕಕ್ಕೆ ಇಷ್ಟು ಸಣ್ಣ ಹೆಸರಾ?" ಎಂದರು. ಆನೆ ಇಲ್ಲದ ಚಿತ್ರ ಮಾತ್ರ ಅವರಿಗೆ ಹಿಡಿಸಿತು.

ಕೆಲವು ತಿಂಗಳ ಮೇಲೆ ಧಾರವಾಡದಿಂದ ಒಬ್ಬ ಹುಡುಗನ ಪತ್ರ ಬಂತು. "ಮೇಡಂ, ನಾವು ನಿಮ್ಮ ಕೆಜಿಎಫ್ ಕಥಿ ಕನ್ನಡದಾಗ ಆಡಾಕತ್ತೀವಿ. ರಿಜಿಸ್ಟರ್ ಹಾಳಿ ಕನ್ನಡದಾಗ ಸಿಗ್ತದನ್ರಿ?" ನನಗೆ ಒಂದು ಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಕಥೆ ನಮ್ಮ ರಾಜ್ಯದ್ದು, ಬರೆದವಳು ನಾನು, ಕೇಳಿದವರು ಕನ್ನಡದವರು. ಆದರೆ ಒಂದು ಹಾಳೆಯನ್ನು ಕನ್ನಡಕ್ಕೆ ಮಾಡಲು ನಾನು ಪ್ರಕಾಶಕರ ಅನುಮತಿ ಕೇಳಬೇಕು. ಕೇಳಿದೆ. ಮಾರಬೇಡಿ, ನಮ್ಮ ಹೆಸರು ಹಾಕಿ, ಉಳಿದಂತೆ ಧಾರಾಳವಾಗಿ ಮಾಡಿ ಎಂದರು. ಭಾನುವಾರ ಕೂತು ಹಳೆಯ ಸರ್ಕಾರಿ ದಫ್ತರದ ಕನ್ನಡದಲ್ಲಿ ಹಾಳೆ ತಯಾರು ಮಾಡಿದೆ. ಹೆಬ್ಬೆಟ್ಟಿನ ಗುರುತಿಗೆ ತಮ್ಮನ ಹೆಬ್ಬೆಟ್ಟು ಇಂಕಿನಲ್ಲಿ ಅದ್ದಿಸಿ ಒತ್ತಿಸಿದೆ. ಇದಕ್ಕೆ ಯಾರೂ ಪದದ ಲೆಕ್ಕ ಕೇಳಲಿಲ್ಲ, ನಾನೂ ಹಾಕಲಿಲ್ಲ.

ಆಟ ಆದ ಮೇಲೆ ಆ ಹುಡುಗ ಫೋನ್ ಮಾಡಿದ. ಅವರ ಗುಂಪು ರಿಜಿಸ್ಟರ್ ಸುಡಲಿಲ್ಲವಂತೆ. ಗಣಿಗೂ ಇಳಿಯಲಿಲ್ಲವಂತೆ. ಮುಷ್ಕರ ನಡೆಯುವಾಗ ಕೆಳಗೆ ಇಳಿದರೆ ಜೊತೆಗಾರರಿಗೆ ದ್ರೋಹ ಬಗೆದಂತೆ ಅಂತ ವಾದ ಹೂಡಿ, ಮೂರು ತಾಸು ಸಭೆ ಮಾಡಿ, ಭಾಷಣ ಬಿಗಿದು, ಕೊನೆಗೆ ಗುಮಾಸ್ತನನ್ನೇ ಮುಷ್ಕರಕ್ಕೆ ಸೇರಿಸಿಕೊಂಡಿದ್ದಾರೆ. ನಾನು ಶಾಫ್ಟ್‌ನ ತಳದಲ್ಲಿ ಎರಡು ಸಾವಿರ ಪದ ಬರೆದಿಟ್ಟಿದ್ದೆ, ಅದನ್ನು ಯಾರೂ ನೋಡಲೇ ಇಲ್ಲ.

"ಮುಂದಿನ ವಾರ ಮತ್ತ ಕೂಡ್ತೀವ್ರಿ" ಎಂದ. "ಗುಮಾಸ್ತ ಅವ್ರನ್ನ ಮನಿಗಿ ಊಟಕ್ಕ ಕರದಾನ. ಅವನ ಮನ್ಯಾಗ ಏನೈತ್ರಿ ಮೇಡಂ? ಪುಸ್ತಕದಾಗ ಬರದಿಲ್ಲ."

"ನೀವೇ ಹೇಳ್ಬೇಕು" ಎಂದೆ. "ಊಟಕ್ಕೆ ಎಷ್ಟು ಎಲೆ 
ಹಾಕಿದ್ದಾನೆ ಅಂತ ಮೊದಲು ಎಣಿಸೋಕೆ ಹೇಳಿ."